ಅಮ್ಮನ ಪಿನ್ನುಗಳು ಅಂಟಿದ ಭಾನುವಾರ

ಅಪ್ಪ ನಮ್ಮೊಂದಿಗಿದ್ದ ಕೊನೆಯ ಭಾನುವಾರ ಅದು. ತಾಮ್ರದ ತಂತಿಯ ವಾಸನೆ ಬಂದರೆ ಈಗಲೂ ನಮ್ಮ ಸಾರಕ್ಕಿಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮರುದಿನ ಶಾಲೆಯಲ್ಲಿ ವಿದ್ಯುತ್ಕಾಂತ ಮಾಡಿ ತೋರಿಸಬೇಕಿತ್ತು. ಮೊಳೆಗೆ ತಂತಿ ಸುತ್ತಿ ಬ್ಯಾಟರಿಗೆ ಜೋಡಿಸಿದರೂ ಒಂದು ಗುಂಡುಸೂಜಿಯೂ ಅಂಟಲಿಲ್ಲ. ನನಗೆ ಅಳುವೇ ಬಂತು.

“ತಂತಿ ಮೇಲೆ ವಾರ್ನಿಷ್ ಇದೆ ಕಣೋ, ಕರೆಂಟ್ ಹೆಂಗೆ ಹೋಗುತ್ತೆ?” ಎಂದ ಅಪ್ಪ, ಎರಡೂ ತುದಿಗಳನ್ನು ಬ್ಲೇಡಿನಿಂದ ಕೆರೆದರು.

ಮತ್ತೆ ಜೋಡಿಸಿ, ಮೊಳೆಯನ್ನು ಅಮ್ಮನ ತಾಳಿಯ ಹತ್ತಿರ ಹಿಡಿದೆ. ಅಲ್ಲಿ ಸಿಕ್ಕಿಸಿದ್ದ ಪಿನ್ನುಗಳು ಟಕ್ಕೆಂದು ಅಂಟಿಕೊಂಡವು. ತಾಳಿ ಅಲುಗಲಿಲ್ಲ.

“ಸದ್ಯ ಕಣ್ರೀ, ನೀವು ಕಟ್ಟಿದ್ದು ಕಬ್ಬಿಣದ್ದಲ್ಲ,” ಅಂದಳು ಅಮ್ಮ. ಅಪ್ಪ ಕೆಮ್ಮು ಬರುವಷ್ಟು ನಕ್ಕರು.

ಶಾಲೆಯಲ್ಲೂ ಅದು ಚೆನ್ನಾಗಿ ಕೆಲಸ ಮಾಡಿತು. ನಾನು ಮನೆಗೆ ಬರುವಷ್ಟರಲ್ಲಿ ಅಪ್ಪ ಹೃದಯಾಘಾತದಿಂದ ತೀರಿಕೊಂಡಿದ್ದರು. ಶಾಲೆಯಲ್ಲೂ ಪಿನ್ನು ಅಂಟಿತು ಎಂದು ಅವರಿಗೆ ಹೇಳುವುದು ಹಾಗೇ ಉಳಿದಿದೆ.