ಮನೆಗಾಡಿಯ ಕಾವಲು

"ನಾಗೂ, ಬೇಗ ಬಾ. ಯಾವನೋ ಗಾಡಿಗೆ ಕೈಹಾಕಿದ್ದಾನೆ."

ಗಂಡನ ಕೂಗಿಗೆ ನಾಗಮಣಿ ಒಗ್ಗರಣೆ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದರು. ಮೋಟಾರ್‌ಹೋಮಿನ ಚಾಲಕನ ಬಾಗಿಲಲ್ಲಿ, ಬೀಗದ ತೂತಿನ ಸುತ್ತ ಬಣ್ಣ ಕಿತ್ತು ತಗಡು ಹೊಳೆಯುತ್ತಿತ್ತು. ನಾಗಮಣಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಬೆಕ್ಕಿನ ಕೆಲಸ ಅಂತೂ ಅಲ್ಲ ಕಣ್ರೀ."

"ಬೆಕ್ಕು ಸ್ಕ್ರೂಡ್ರೈವರ್ ಇಟ್ಕೊಂಡಿರಲ್ಲ," ಎಂದರು ಸುಂದರೇಶರು ಗಂಭೀರವಾಗಿ.

ಸುಂದರೇಶರು ಕಾಲೇಜಿನ ಪ್ರಾಂಶುಪಾಲರಾಗಿ ನಿವೃತ್ತರಾದವರು. ಆಮೇಲೆ ಅವರ ಅಧೀನದಲ್ಲಿ ಉಳಿದ ಸಿಬ್ಬಂದಿ ನಾಗಮಣಿ ಒಬ್ಬರೇ. ದೇಶವನ್ನೆಲ್ಲ ಸುತ್ತೋಣವೆಂದು ಇಬ್ಬರೂ ಸೇರಿ ಈ ಗಾಡಿ ಕೊಂಡಿದ್ದರು. ಒಳಗೆ ಮಂಚ, ಒಲೆ, ಪುಟ್ಟ ಬಚ್ಚಲು, ಕಿಟಕಿಗೆ ಪರದೆ. ಕಾಶಿಗೆಂದು ಹೊರಟ ಮೊದಲ ಪ್ರಯಾಣ ಶ್ರೀರಂಗಪಟ್ಟಣದ ಸೇತುವೆಯ ತನಕ ಸಾಗಿತು. ಅಲ್ಲಿ ದಾರಿಯ ವಿಚಾರಕ್ಕೆ ಮಾತು ಬೆಳೆದು, ಊಟದ ಹೊತ್ತಿಗೆ ಇಬ್ಬರೂ ಯಾದವಗಿರಿಯ ಮನೆಗೆ ವಾಪಸಾಗಿದ್ದರು. ಅಂದಿನಿಂದ ಬೀದಿಯವರ ಬಾಯಲ್ಲಿ 'ಮನೆಗಾಡಿ'ಯಾದ ಅದು ಸಂಪಿಗೆ ಮರದ ಕೆಳಗೆ ಹೊದಿಕೆ ಹೊದ್ದು ನಿಂತಿತ್ತು.

ಗೀರು ಕಂಡ ವಾರದಲ್ಲೇ ಆ ಹೊದಿಕೆ ಹರಿಯಿತು. ಈ ಸಲ ಕಂಡವರು ನಾಗಮಣಿ. ಸುಂದರೇಶರು ಹರಿದ ಅಂಚನ್ನು ಬಹಳ ಹೊತ್ತು ಹಿಡಿದು ನೋಡಿದರು. ಅವರ ಹಣೆಯ ಮೇಲೆ ಬೆವರೊಡೆಯಿತು.

"ಹಾಗಾದ್ರೆ ನಿಜವಾಗ್ಲೂ ಕಳ್ಳ ಬರ್ತಿದ್ದಾನೆ," ಎಂದರು.

"ಇಷ್ಟು ದಿನ ಏನಂದ್ಕೊಂಡಿದ್ರಿ ಮತ್ತೆ?" ಎಂದರು ನಾಗಮಣಿ.

ಸುಂದರೇಶರು ಆ ಮಧ್ಯಾಹ್ನವೇ ಪೇಟೆಗೆ ಹೋದರು. ಸ್ಟೇರಿಂಗಿಗೆ ಹಳದಿ ಬಣ್ಣದ ಕಬ್ಬಿಣದ ಬೀಗ ಬಿತ್ತು. ಹಿಂದಿನ ಚಕ್ರಕ್ಕೂ ಸಂಪಿಗೆ ಮರಕ್ಕೂ ಸರಪಳಿ ಬಿಗಿಯಿತು. ಬ್ಯಾಟರಿ ಬಿಚ್ಚಿಕೊಂಡು ಬಂದು ದೇವರಮನೆಯ ಮೂಲೆಗೆ ಸೇರಿತು. ಗೋಡೆಗೆ ಕ್ಯಾಮರಾ ಕೂತಿತು. ಆದರೆ ಅದು ನೋಡುತ್ತಿದ್ದುದು ಗೇಟನ್ನು, ಗಾಡಿಯನ್ನಲ್ಲ.

"ಕಳ್ಳ ಗೇಟಿಂದ ತಾನೆ ಬರೋದು?" ಎಂದು ಸುಂದರೇಶರು ಕೇಳಿದರು. ಗಂಡನ ಪ್ರತಿ ಮಾತಿಗೂ ಎದುರಾಡುತ್ತಿದ್ದ ನಾಗಮಣಿ, ಅಂದು ಸರಿ ಎಂದುಬಿಟ್ಟರು.

ಇಷ್ಟಾದರೂ ಮುಂದಿನ ವಾರ ಹಿಂಬಾಗಿಲ ಹಿಡಿ ಸಡಿಲವಾಗಿತ್ತು. ಪಕ್ಕದ ಮನೆಯ ವೃಷಭೇಂದ್ರಪ್ಪ, ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದವರು, ಬಂದು ಸೊಂಟದ ಮೇಲೆ ಕೈಯಿಟ್ಟು ತನಿಖೆ ನಡೆಸಿದರು.

"ಮೇಷ್ಟ್ರೇ, ಬೀಗ ಎಷ್ಟೇ ಹಾಕಿ, ಕಳ್ಳ ಅಂಜೋದು ಮನುಷ್ಯನ ಕೆಮ್ಮಿಗೆ. ಒಳಗೊಬ್ರು ಮಲಗ್ಬೇಕು."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಅಯ್ಯೋ, ಈ ವಯಸ್ಸಲ್ಲಿ ಇವರು ಅಂಗಳದಲ್ಲಿ ಮಲಗೋದಾ," ಎಂದರು ನಾಗಮಣಿ.

"ನಮ್ಮ ಆಸ್ತಿ. ನಾವೇ ಕಾಯ್ಬೇಕಲ್ಲ," ಎಂದರು ಸುಂದರೇಶರು, ಗಡಿ ಕಾಯಲು ಹೊರಟವರಂತೆ.

ಹೆಂಗಸರ ದುಃಖ ಸಾಮಾನ್ಯವಾಗಿ ಕೈಕಾಲು ಕಟ್ಟಿಹಾಕುತ್ತದೆ. ನಾಗಮಣಿಯವರ ದುಃಖಕ್ಕೆ ಕೈಕಾಲು ಬಂದಿತ್ತು. ದಿಂಬು, ಹೊದಿಕೆ, ಮಾತ್ರೆಗಳ ಡಬ್ಬಿ, ರೇಡಿಯೊ, ಬಿಸಿನೀರಿನ ಫ್ಲಾಸ್ಕು ಎಲ್ಲವೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಮನೆಗಾಡಿಯ ಮೆಟ್ಟಿಲ ಮೇಲಿದ್ದವು.

ಬೀದಿಗೆ ಬೀದಿಯೇ ಮರುಗಿತು. ಒಬ್ಬರೇ ಇರೋಕೆ ಕಷ್ಟ ಅಲ್ವಾ ಎಂದು ಕೇಳಿದವರಿಗೆಲ್ಲ ನಾಗಮಣಿ, "ಏನ್ಮಾಡೋದು ಹೇಳಿ, ಅಭ್ಯಾಸ ಮಾಡ್ಕೊಂಬುಟ್ಟೆ," ಎನ್ನುತ್ತಿದ್ದರು. ಬೆಳಿಗ್ಗೆ ಕಾಫಿ ಒಯ್ದು ಗಾಡಿಯ ಬಾಗಿಲು ತಟ್ಟುವರು. ಸುಂದರೇಶರು ತಲೆ ಬಾಚಿಕೊಂಡೇ ಬಾಗಿಲು ತೆರೆಯುವರು. ಮೆಟ್ಟಿಲ ಮೇಲೆ ಕೂತು ಇಬ್ಬರೂ ಮಾತಾಡುವರು. ಮಾತು ಜಗಳಕ್ಕೆ ತಿರುಗುವ ಮೊದಲೇ ಲೋಟ ಖಾಲಿಯಾಗುವುದು. ಕಳ್ಳನ ದೆಸೆಯಿಂದ ಎಂಥ ಗತಿ ಬಂತು ಎಂದು ಇಬ್ಬರೂ ನಿಟ್ಟುಸಿರು ಬಿಟ್ಟು ತಂತಮ್ಮ ಮನೆ ಸೇರುವರು.

ಹೀಗಿರುವಾಗ ವೃಷಭೇಂದ್ರಪ್ಪ ಮೈಸೂರು ಪಾಕಿನ ಪೊಟ್ಟಣದೊಂದಿಗೆ ಬಂದರು.

"ಸಿಕ್ಕಿಬಿದ್ದ ಮೇಷ್ಟ್ರೇ. ಹಿನಕಲ್ ಹತ್ರ, ಕದ್ದ ವ್ಯಾನಿನ ಸಮೇತ. ನಮ್ಮ ಹುಡುಗ್ರು ನಿಮ್ಮ ಗಾಡಿ ವಿಷಯಾನೂ ಕೇಳಿದ್ರು. ಅದಕ್ಕೂ ಹೂಂ ಅಂದ್ಬುಟ್ಟ."

"ಹೂಂ ಅಂದ್ನಾ?" ಎಂದರು ಸುಂದರೇಶರು.

"ಅದು ಹೇಗೆ ಅಂತಾನೆ?" ಎಂದರು ನಾಗಮಣಿ.

"ಇನ್ನು ಮನೇಲಿ ಆರಾಮಾಗಿ ಮಲಗಿ," ಎಂದು ವೃಷಭೇಂದ್ರಪ್ಪ ಇಬ್ಬರ ಕೈಗೂ ಒಂದೊಂದು ತುಂಡು ಕೊಟ್ಟರು. ಇಬ್ಬರೂ ತಿಥಿಯ ಊಟದವರಂತೆ ತಲೆ ತಗ್ಗಿಸಿ ತಿಂದರು.

ದಿಂಬು ಒಳಗೆ ಬಂತು. ಮಾರನೆಯ ಬೆಳಿಗ್ಗೆ ಸುಂದರೇಶರು ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತು, "ಸಾಸಿವೆ ಸಿಡಿಯೋಕ್ಮುಂಚೆ ಕರಿಬೇವು ಯಾಕೆ ಹಾಕ್ದೆ?" ಎಂದು ವಿಚಾರಣೆ ಶುರುಮಾಡಿದರು. ನಾಗಮಣಿ ರೇಡಿಯೊದ ಕಿವಿ ತಿರುಚಿ ಬಾಯಿ ಮುಚ್ಚಿಸಿದರು. ಕುರ್ಚಿಯ ಮೇಲೆ ಕಾಲು ಚಾಚಬೇಡಿ, ಒದ್ದೆ ಟವೆಲು ಅಲ್ಲಿ ಹಾಕಬೇಡಿ, ಅಷ್ಟು ಜೋರಾಗಿ ಆಕಳಿಸಬೇಡಿ ಎಂದರು. ಸಂಜೆಯ ಹೊತ್ತಿಗೆ ಮನೆಯಲ್ಲಿ ಉಪ್ಪಿನ ಡಬ್ಬಿ ಕೇಳಲೂ ಮಾತಿರಲಿಲ್ಲ.

ಮರುದಿನ ವಾಕಿಂಗ್ ಮುಗಿಸಿ ಬರುತ್ತಿದ್ದ ವೃಷಭೇಂದ್ರಪ್ಪ ಗೇಟಿನಲ್ಲೇ ನಿಂತುಬಿಟ್ಟರು.

"ಮೇಷ್ಟ್ರೇ, ಮನೆಗಾಡಿ ವೈಪರ್‌ಗಳೆಲ್ಲಿ?"

ಇಬ್ಬರೂ ಓಡಿ ಬಂದರು. ಮುಂದಿನ ಗಾಜು ಬೋಳಾಗಿತ್ತು.

"ಅವನು ಲಾಕಪ್ಪಲ್ಲಿದ್ದಾನೆ. ಇವನ್ಯಾವನೋ ಬೇರೆಯವನು," ಎಂದು ವೃಷಭೇಂದ್ರಪ್ಪ ತಲೆ ಕೆರೆದುಕೊಂಡರು.

ಸುಂದರೇಶರು ಗಾಜಿನ ಎಡಬಲ ಎರಡೂ ಕಡೆ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಯಾಕೋ ಹೆಂಡತಿಯ ಕಡೆಗೆ ತಿರುಗದೆ, ಸಂಪಿಗೆ ಮರಕ್ಕೆ ಹೇಳುವವರಂತೆ ಹೇಳಿದರು: "ನಾಗೂ, ದಿಂಬು ಕೊಡು."

ದಿಂಬು ತರಲು ಹೊರಟ ನಾಗಮಣಿ ಹೊಸ್ತಿಲಲ್ಲಿ ನಿಂತು ಹಿಂತಿರುಗಿ ನೋಡಿದರು. ಗಾಡಿಯಲ್ಲಿ ಎರಡು ವೈಪರ್‌ಗಳೂ ಇರಲಿಲ್ಲ. ತಾವು ಕಿತ್ತು ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿ ಬಚ್ಚಿಟ್ಟಿದ್ದು ಒಂದನ್ನೇ.