ಕಾರಿನಲ್ಲಿ ಬಿಟ್ಟ ಕನ್ನಡಕ

"ಕನ್ನಡಕ ಕಾರಲ್ಲೇ ಬಿಟ್ಟುಬಂದೆ ಕಣೋ. ಹೋಗಿ ತಗೊಂಡು ಬಾ," ಎಂದರು ಅಧ್ಯಕ್ಷೆ, ಪಕ್ಕದಲ್ಲಿ ಕೂತಿದ್ದ ಮಗನಿಗೆ.

ಎದುರಿಗಿದ್ದ ಕಾರ್ಯದರ್ಶಿ ಥಟ್ಟನೆ ತಲೆಯೆತ್ತಿದಳು. ಮತ್ತೆ ಅದೇ. ಸಭೆ ಶುರುವಾಗುವ ಮೊದಲೇ.

ಅಧ್ಯಕ್ಷೆಗೆ ಕನ್ನಡಕವೇ ಇರಲಿಲ್ಲ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ದೂರದ್ದೂ ಹತ್ತಿರದ್ದೂ ನಿಚ್ಚಳವಾಗಿ ಕಾಣುತ್ತಿತ್ತು. ಹಳೆಯ ಕನ್ನಡಕವನ್ನು ಇದೇ ಕಚೇರಿಯ ದಾನದ ಡಬ್ಬಿಗೆ ಹಾಕಿ, "ಇನ್ಮೇಲೆ ನಿಮ್ಮ ತಪ್ಪೆಲ್ಲಾ ನನಗೆ ಕಾಣುತ್ತೆ, ಹುಷಾರು," ಎಂದು ಎಲ್ಲರನ್ನೂ ನಗಿಸಿದ್ದರು.

ಈಗ ಯಾರಿಗೂ ನಗು ಬರಲಿಲ್ಲ.

ಅದು ಹಿರಿಯರ ಹಕ್ಕುಗಳಿಗಾಗಿ ಹೋರಾಡುವ ರಾಜ್ಯಮಟ್ಟದ ಸಂಸ್ಥೆ. ಅಧ್ಯಕ್ಷೆಯದು ಸಂಬಳವಿಲ್ಲದ ಸೇವೆ, ಕಾರ್ಯದರ್ಶಿಯದು ಸಂಬಳದ ನೌಕರಿ. ಸ್ವಯಂಸೇವಕರು ಮನೆಮನೆಗೆ ಹೋಗಿ ಮುದುಕರ ಕಷ್ಟ ಕೇಳಬೇಕು, ಸಿಬ್ಬಂದಿ ಕಚೇರಿಯಲ್ಲಿ ಕೂತು ಅದನ್ನು ಸರ್ಕಾರಕ್ಕೆ ಮುಟ್ಟಿಸಬೇಕು. ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಅಧ್ಯಕ್ಷೆ ಅರ್ಧ ಆಯುಸ್ಸನ್ನು ಕಂಡವರ ಮನೆಯ ಮೆಟ್ಟಿಲು ಹತ್ತುವುದರಲ್ಲೇ ಕಳೆದವರು. ಕಾರ್ಯದರ್ಶಿ ಒಂದು ಮನೆಯ ಕದವನ್ನೂ ತಟ್ಟಿದವಳಲ್ಲ.

ಮುಂದಿನ ವಾರ ಶಾಸಕರ ಸಮಿತಿಯ ಮುಂದೆ ಅಧ್ಯಕ್ಷೆ ಮಾತಾಡಬೇಕಿತ್ತು. ಮನೆಯವರ ಮಾತೊಂದನ್ನೇ ನಂಬಿ ಹಿರಿಯರ ಕೈಯಿಂದ ಆಸ್ತಿಯನ್ನೂ ತೀರ್ಮಾನದ ಹಕ್ಕನ್ನೂ ಕಸಿಯುವಂತಿಲ್ಲ ಎನ್ನುವ ಮಸೂದೆ ಅದು. ಇಡೀ ಸಂಸ್ಥೆ ವರ್ಷಗಟ್ಟಲೆ ಬೆವರು ಹರಿಸಿದ ಮಸೂದೆ. ಅಲ್ಲೂ ಇವರು ಇಲ್ಲದ ಕನ್ನಡಕ ಕೇಳಿದರೆ? ಅರಳುಮರಳಿನವರ ಪರವಾಗಿ ಅರಳುಮರಳಿನವರೇ ಬಂದಿದ್ದಾರೆ ಎಂದು ನಕ್ಕು ಎದ್ದುಹೋಗುತ್ತಾರೆ.

ಹೇಳಿದರೆ ಕೆಲಸ ಕಲಿಸಿದವರಿಗೆ ದ್ರೋಹ, ಹೇಳದಿದ್ದರೆ ಸಂಸ್ಥೆಗೆ ದ್ರೋಹ. ಅಡಕತ್ತರಿಯಲ್ಲಿ ಸಿಕ್ಕಿಬಿದ್ದಿದ್ದಳು ಕಾರ್ಯದರ್ಶಿ.

ಸಭೆಯ ಕೋಣೆಯೂ ಹಾಗೆಯೇ ಇತ್ತು. ಇಕ್ಕಟ್ಟು, ತೆರೆಯದ ಕಿಟಕಿ, ಗೋಡೆಗೆ ಒತ್ತಿಕೊಂಡ ಕುರ್ಚಿಗಳು. ಒಬ್ಬರು ಏಳಬೇಕಾದರೆ ಪಕ್ಕದವರೂ ಏಳಬೇಕು. ಅಧ್ಯಕ್ಷೆ ಒಳಮೂಲೆಯಲ್ಲಿದ್ದರು. ಬಾಗಿಲ ಕಡೆಗೆ ಮಗ. ತಾಯಿಯ ಫೋನು, ಕೈಚೀಲ ಎರಡೂ ಅವನ ತೊಡೆಯ ಮೇಲೆ. ಅವರ ಸ್ವೆಟರಿನ ಗುಂಡಿಗಳನ್ನೂ ಅವನೇ ಹಾಕಿರಬೇಕು, ಒಂದು ಮೇಲೆ ಒಂದು ಕೆಳಗೆ ಆಗಿದ್ದವು. ಕೆಲವು ತಿಂಗಳಿಂದ ಅವನು ತಾಯಿಯನ್ನು ಒಂದು ಗಳಿಗೆಯೂ ಬಿಟ್ಟಿದ್ದಿಲ್ಲ. ಫೋನು ಮಾಡಿದರೂ ಅವನೇ ಎತ್ತಿ, ಅಮ್ಮನಿಗೆ ಸುಸ್ತು, ನನಗೇ ಹೇಳಿ ಎನ್ನುತ್ತಿದ್ದ. ಇಂಥ ಮಗ ಎಲ್ಲರಿಗೂ ಹುಟ್ಟಲಿ ಎಂದುಕೊಂಡಿದ್ದಳು ಕಾರ್ಯದರ್ಶಿ.

ಮೊದಲ ಸಲ ಅಧ್ಯಕ್ಷೆ ಕನ್ನಡಕದ ಮಾತು ಎತ್ತಿದಾಗ ಅವಳಿಗೆ ಏನೂ ಹೊಳೆದಿರಲಿಲ್ಲ. ನೀವು ಕೂತಿರಿ ಸರ್ ಎಂದು ತಾನೇ ಓಡಿಹೋಗಿ ಕಾರನ್ನೆಲ್ಲ ತಡಕಿ, ಬರಿಗೈಯಲ್ಲಿ ಬರುವಾಗ ಡಬ್ಬಿಯ ನೆನಪಾಗಿ ಮೆಟ್ಟಿಲ ಮೇಲೇ ನಿಂತುಬಿಟ್ಟಿದ್ದಳು. ಎರಡನೆಯ ಸಲ ಮಾತು ತೇಲಿಸಿದ್ದಳು. ಇದು ಮೂರನೆಯದು.

ಮಗ ಏಳಲಿಲ್ಲ. ಸುಮ್ಮನೆ ನಕ್ಕ.

ಮೇಜಿನಾಚೆಯಿಂದ ಅಧ್ಯಕ್ಷೆ ಕೈ ಚಾಚಿ ಕಾರ್ಯದರ್ಶಿಯ ಮಣಿಕಟ್ಟು ಹಿಡಿದರು. ಮೂಳೆಯಷ್ಟೇ ಉಳಿದ ಬೆರಳುಗಳು. ಆದರೆ ಹಿಡಿತ ಉಡದಂತಿತ್ತು.

"ನೀನಾದ್ರೂ ಹೇಳಮ್ಮಾ ಇವನಿಗೆ. ಹೋಗಿ ತರಲಿ. ನೀನು ಮಾತ್ರ ಇಲ್ಲೇ ಇರು."

ಸುತ್ತ ಕೂತಿದ್ದ ಕಾರ್ಯಕಾರಿ ಸಮಿತಿಯ ಸದಸ್ಯರು ಮುಖ ಮುಖ ನೋಡಿಕೊಂಡರು. ಕಾರ್ಯದರ್ಶಿ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು.

"ಮೇಡಂ, ನಿಮಗೆ ಈಗ ಕನ್ನಡಕವೇ ಇಲ್ಲ. ನೀವೇ ಡಬ್ಬಿಗೆ ಹಾಕಿದ್ರಿ, ನೆನಪಿಲ್ವಾ?"

ಅಧ್ಯಕ್ಷೆ ಅವಳನ್ನೇ ನೋಡಿದರು. ಆ ನೋಟದಲ್ಲಿ ಮಂಕು ಇರಲಿಲ್ಲ, ಅದೇ ಅವಳಿಗೆ ಕಸಿವಿಸಿ. ಆಮೇಲೆ ಬೆರಳುಗಳು ಒಂದೊಂದಾಗಿ ಸಡಿಲವಾದವು.

"ಹೌದಲ್ಲ," ಎಂದರು. "ನಿನಗೆ ಎಲ್ಲಾ ನೆನಪಿರುತ್ತೆ."

ಉಳಿದದ್ದು ಬೇಗ ಮುಗಿಯಿತು. ಕಾರ್ಯದರ್ಶಿ ಮೂರು ಸಲದ್ದನ್ನೂ ಬಿಡಿಸಿ ಹೇಳಿದಳು. ವೈದ್ಯ ಸದಸ್ಯರು ನಿಟ್ಟುಸಿರು ಬಿಟ್ಟರು. ವಕೀಲ ಸದಸ್ಯರು ಮಾತು ಅಳೆದೂ ಸುರಿದೂ ನಿರ್ಣಯ ಬರೆದರು: ನೆನಪು, ವಿವೇಚನೆ ಸ್ಥಿರವಾಗಿಲ್ಲದ ಕಾರಣ ಅಧ್ಯಕ್ಷ ಸ್ಥಾನದಿಂದ ಗೌರವಪೂರ್ವಕವಾಗಿ ಬಿಡುಗಡೆ. ತಮ್ಮದೇನಾದರೂ ಮಾತಿದೆಯೇ ಎಂದು ಕೇಳಿದಾಗ ಅಧ್ಯಕ್ಷೆ ಮಗನ ಕಡೆ ತಿರುಗಿದರು, ಮೇಜಿನ ಕಡೆ ತಿರುಗಿದರು.

"ಇವನಿದ್ದಾನಲ್ಲ. ನಾನೇನು ಹೇಳಲಿ."

ಮಗ ಎಲ್ಲರಿಗೂ ಕೈಮುಗಿದ. ನಿರ್ಣಯದ ಒಂದು ಪ್ರತಿ, ಸಂಸ್ಥೆಯ ಮುದ್ರೆಯೊಂದಿಗೆ, ತನಗೂ ಬೇಕೆಂದ. "ಮುಂದೆ ಬೇಕಾಗುತ್ತೆ ಮೇಡಂ. ನಿಮ್ಮ ಸಂಸ್ಥೆಯೇ ಹೇಳಿದ ಮೇಲೆ ಇನ್ನು ಯಾರ ತಕರಾರೂ ಇರಲ್ಲ." ಪಾಪ, ಚಿಕಿತ್ಸೆಗೆ ಬೇಕೇನೋ. ಕಾರ್ಯದರ್ಶಿ ತಾನೇ ಮುದ್ರೆ ಒತ್ತಿ ಕೊಟ್ಟಳು.

ಕಾರು ಹೋಯಿತು. ಹಿಂದಿನ ಸೀಟಿನಲ್ಲಿ ನರೆತ ತಲೆ ಒಮ್ಮೆಯೂ ತಿರುಗಲಿಲ್ಲ. ಬಹಳ ದಿನಗಳ ಮೇಲೆ ಕಾರ್ಯದರ್ಶಿಗೆ ಉಸಿರು ಸಲೀಸಾಯಿತು.

ಸುದ್ದಿಯನ್ನು ಸ್ವಯಂಸೇವಕರಿಗೂ ತಿಳಿಸಬೇಕಲ್ಲ. ಕೆಳಗಿನ ಹಜಾರದಲ್ಲಿ ನಿವೃತ್ತ ನರ್ಸೊಬ್ಬರು ಹೊಸಬರಿಗೆ ಮನೆಭೇಟಿಯ ತರಬೇತಿ ಕೊಡುತ್ತಿದ್ದರು. ಅಧ್ಯಕ್ಷೆಯ ಜೊತೆಯಲ್ಲೇ ಊರೂರು ಸುತ್ತಿದ ಹಳೆಯ ಜೀವ. ಪಾಠ ಮುಗಿಯಲೆಂದು ಕಾರ್ಯದರ್ಶಿ ಬಾಗಿಲಲ್ಲೇ ನಿಂತಳು.

"ಮನೆಯವರು ಪಕ್ಕ ಬಿಟ್ಟು ಕದಲಲಿಲ್ಲ ಅಂದ್ರೆ ಮುದುಕರು ಸತ್ರೂ ಬಾಯಿ ಬಿಡಲ್ಲ," ಎನ್ನುತ್ತಿದ್ದರು ನರ್ಸ್. "ಅದಕ್ಕೆ ನಮ್ಮ ಅಧ್ಯಕ್ಷರದ್ದು ಒಂದೇ ಉಪಾಯ, ನಾನು ಕಂಡ ಹಾಗೆ ಒಂದು ಸಲವೂ ತಪ್ಪಿದ್ದಿಲ್ಲ: ಕನ್ನಡಕ ಕಾರಲ್ಲೇ ಬಿಟ್ಟುಬಂದೆ, ಹೋಗಿ ತಗೊಂಡು ಬಾ ಅಂತ ಅವರನ್ನ ಆಚೆ ಕಳಿಸಿಬಿಡೋದು."