ಶಂಕ್ರನ ಹನ್ನೊಂದು ವಾರ

ನಿಜವಾದ ಕೊಲೆಯ ಮೇಲೆ ಧಾರಾವಾಹಿ ಮಾಡುವವರು ಪ್ರತಿ ಕಂತನ್ನೂ ಮೊದಲು ಸತ್ತವರ ಮನೆಯಲ್ಲಿ ತೋರಿಸಬೇಕು, ಮನೆಯವರು ಹೆಬ್ಬೆಟ್ಟು ಒತ್ತಿದರಷ್ಟೇ ಪ್ರಸಾರ ಮಾಡಬೇಕು ಎಂಬ ಕಾನೂನು ಬಂದು ಆರು ವರ್ಷವಾಗಿತ್ತು. ಗದಗಿನ ಗುರುಬಸವ್ವನ ಮನೆಗೆ ನಿರ್ದೇಶಕ ವಾದಿರಾಜ, ಅವಳ ಟೇಲರ್ ಮಗ ಶಂಕ್ರನ ಕೊಲೆಯ ಕಂತನ್ನು ಹನ್ನೆರಡನೇ ಸಲ ತಂದಿದ್ದ. ಪ್ರತಿ ಸಲವೂ ಅವಳು ಒಂದಿಲ್ಲೊಂದು ತಪ್ಪು ಹುಡುಕಿ, ಅದರ ಬದಲು ಮಾಡಿದ ಕೊಲೆಯಿಲ್ಲದ ಕಂತಿಗಷ್ಟೇ ಹೆಬ್ಬೆಟ್ಟು ಒತ್ತಿದ್ದರಿಂದ ಧಾರಾವಾಹಿಯ ಶಂಕ್ರ ಹನ್ನೊಂದು ವಾರ ಹೆಚ್ಚಿಗೆ ಬದುಕಿ, ಅಂಗಿ ಹೊಲಿದು, ಪಕ್ಕದ ಓಣಿಯ ಹುಡುಗಿಗೆ ಕಣ್ಣೂ ಹೊಡೆದಿದ್ದ.

ಗುರುಬಸವ್ವ ಕನ್ನಡಕ ಏರಿಸಿ ನೋಡಿದಳು. "ಉಪ್ಪಿಟ್ಟ ತಿನ್ನಾಕತ್ತಾನಲ್ಲೋ! ಅಂವಗ ಉಪ್ಪಿಟ್ಟ ಕಂಡ್ರ ಆಗ್ತಿದ್ದಿಲ್ಲ."

"ಹೋದ ವಾರ ಗಿರಮಿಟ್ ಇಟ್ಟಿದ್ವಿ. ಅದೂ ಬ್ಯಾಡ ಅಂದ್ರಿ."

"ಮಿರ್ಚಿ ಇಲ್ಲದ ಗಿರಮಿಟ್ ಯಾರ ತಿಂತಾರೋ ತಮ್ಮಾ?"

ವಾದಿರಾಜ ಕೈ ಮುಗಿದ. "ಅವ್ವಾರ, ಕೊಲೆಗಾರನ ಪಾರ್ಟ್ ಮಾಡಾಂವ ಎರಡೂವರಿ ತಿಂಗಳಿಂದ ಚಾಕು ಹಿಡಕೊಂಡು ಬಾಗಲ ಹಿಂದ ನಿಂತಾನ್ರೀ. ಬ್ಯಾಸರಾಗಿ ಮನಿಗೆ ಹೊಕ್ಕೀನಿ ಅನ್ನಾಕತ್ತಾನ."

ಗುರುಬಸವ್ವ ಹೆಬ್ಬೆಟ್ಟನ್ನು ಸೆರಗಿನೊಳಗೆ ಮಡಚಿಕೊಂಡಳು.

"ಹೋಗ್ಲಿ ಬಿಡಪಾ," ಎಂದಳು. "ಅವತ್ತ ಆ ಖರೇ ಕೊಲೆಗಾರ ಹೋಗಲಿಲ್ಲ. ಇಂವನಾದ್ರೂ ಮನಿಗೆ ಹೋಗ್ಲಿ."